ಹಳೇ ಜೀಪಿನ ಸ್ಟಿಯರಿಂಗ್: ಮನೆಯಲ್ಲಿ ಬಿಚ್ಚುವುದೆಷ್ಟು, ಮೇಸ್ತ್ರಿಗೆ ಒಪ್ಪಿಸುವುದೆಷ್ಟು?

ಸಂಘದ ಗೊಬ್ಬರದ ಗೋದಾಮಿನ ಮುಂದೆ ಸಂತೆಯ ದಿನ ನಿಂತು ನೋಡಿದರೆ, ಹೊಸ ಪಿಕಪ್‌ಗಳ ನಡುವೆ ಒಂದೆರಡಾದರೂ ಹಳೇ ಜೀಪುಗಳು ಕಣ್ಣಿಗೆ ಬೀಳುತ್ತವೆ. ಅಪ್ಪನ ಕಾಲದ್ದು, ಕೆಲವು ಮನೆಗಳಲ್ಲಿ ಅಜ್ಜನ ಕಾಲದ್ದು. ಮಾರಲು ಮನಸ್ಸಿಲ್ಲ, ಮಾರಿದರೆ ಬರುವ ಹಣವೂ ಅಷ್ಟರಲ್ಲೇ ಇದೆ. ಮಳೆಗಾಲದಲ್ಲಿ ತೋಟದ ದಾರಿಗೆ ಅದರಷ್ಟು ಒದಗುವ ವಾಹನ ಬೇರೆ ಇಲ್ಲ ಎಂಬುದು ಅದನ್ನು ಇಟ್ಟುಕೊಂಡವರ ಮಾತು. ನಾವೂ ಆ ಗುಂಪಿಗೆ ಸೇರಿದವರೇ. ಇಂಜಿನ್ ಕೆಟ್ಟರೆ ಜೀಪು ನಿಲ್ಲುತ್ತದೆ, ನಾವು ನಡೆದು ಮನೆಗೆ ಬರುತ್ತೇವೆ. ಸ್ಟಿಯರಿಂಗ್ ಕೆಟ್ಟರೆ ಮಾತ್ರ ಜೀಪು ನಿಲ್ಲುವುದಿಲ್ಲ. ಹೀಗಿದ್ದೂ ನಮ್ಮಲ್ಲಿ ಹೆಚ್ಚಿನವರು ಇಂಜಿನ್ನಿಗೆ ಕೊಡುವ ಗಮನದ ಕಾಲು ಭಾಗವನ್ನೂ ಸ್ಟಿಯರಿಂಗ್‌ಗೆ ಕೊಡುವುದಿಲ್ಲ. ಅದಕ್ಕಾಗಿ ನಮ್ಮ ಅನುಭವವನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ.

ನಮ್ಮದು ಮಹೀಂದ್ರದವರ ಎತ್ತರದ ಬಾನೆಟ್ಟಿನ ಜೀಪು. ಅಮೆರಿಕದ ವಿಲ್ಲೀಸ್ ಕಂಪೆನಿ 1953ರಲ್ಲಿ ಹೊರತಂದ ಸಿ.ಜೆ. 3ಬಿ ಎಂಬ ಮಾದರಿ ಇದು. ಹೊಸ ಇಂಜಿನ್ ಹಿಂದಿನದಕ್ಕಿಂತ ಎತ್ತರವಾಗಿದ್ದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಅಮೆರಿಕದಲ್ಲಿ ಇದರ ತಯಾರಿಕೆ 1968ಕ್ಕೆ ನಿಂತಿತು. ನಮ್ಮ ದೇಶದಲ್ಲಿ ಅದಾದ ಮೇಲೂ ಬಹಳ ವರ್ಷ ನಡೆಯಿತು. ಹೀಗಾಗಿ ಎರಡನೆಯ ಮಹಾಯುದ್ಧದ ಜೀಪಿನ ಸ್ಟಿಯರಿಂಗ್ ಹೇಗಿತ್ತೋ ಹೆಚ್ಚುಕಡಿಮೆ ಅದೇ ಏರ್ಪಾಡು ನಮ್ಮ ತೋಟಗಳಿಗೂ ಬಂತು. ಮುಂದೆ ಬಂದ ಡೀಸೆಲ್ ಜೀಪುಗಳಲ್ಲಿ ಬಾಕ್ಸಿನ ಬಗೆಯೇ ಬೇರೆ. ಕೆಳಗೆ ಬರೆದಿರುವ ಸ್ಕ್ರೂ, ಶಿಮ್ಮುಗಳ ಮಾತನ್ನು ದಯವಿಟ್ಟು ಅವುಗಳಿಗೆ ಅನ್ವಯಿಸಬಾರದು.

ಕೆಲವು ವರ್ಷಗಳ ಹಿಂದೆ ನಮ್ಮ ಜೀಪಿನ ಸ್ಟಿಯರಿಂಗ್ ಚಕ್ರ ಗೇಣುದ್ದ ಆಡತೊಡಗಿತು. ತಿರುಗಿಸಿದರೆ ಮೊದಲ ನಾಲ್ಕು ಬೆರಳಿನಷ್ಟು ದೂರ ಗಾಲಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಪೇಟೆಯ ಒಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿನ ಹುಡುಗ ಬಾನೆಟ್ ತೆಗೆದು, ಬಾಕ್ಸಿನ ಪಕ್ಕದ ಸ್ಕ್ರೂವನ್ನು ಒಂದು ಸುತ್ತು ಬಿಗಿದು, ನಟ್ಟು ಹಾಕಿ, ಹತ್ತೇ ನಿಮಿಷದಲ್ಲಿ ಕಳಿಸಿದ. ಆಟ ಮಾಯವಾಗಿತ್ತು. ನಮಗೆ ಸಂತೋಷ, ಅವನಿಗೆ ಚಹದ ಕಾಸು.

ಮರುವಾರ ವಿಟ್ಲಕ್ಕೆ ಅಡಿಕೆ ಸಸಿ ತರಲು ಹೊರಟೆವು. ಜೊತೆಗೆ ನಮ್ಮ ತಮ್ಮನ ಮಗ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಚಕ್ರವನ್ನು ಪೂರ್ತಿ ಬಲಕ್ಕೆ ತಿರುಗಿಸಿದೆವು. ತಿರುವು ಮುಗಿದ ಮೇಲೆ ಜೀಪಿನ ಚಕ್ರ ತಾನಾಗಿ ಕೈಯೊಳಗೆ ಜಾರಿ ನೇರಕ್ಕೆ ಬರಬೇಕಲ್ಲವೆ? ಬರಲಿಲ್ಲ. ಹಿಡಿದಲ್ಲೇ ಹಿಡಿದುಕೊಂಡಿತು. ಕೆಳಗಿನಿಂದ ಬಸ್ಸು ಬರುತ್ತಿತ್ತು. ಎರಡೂ ಕೈಯಿಂದ ಎಳೆದು, ಕಾಲನ್ನು ಬ್ರೇಕಿನ ಮೇಲೆ ಊರಿ, ಹೇಗೋ ಜೀಪನ್ನು ಬರೆಯ ಬದಿಯ ಚರಂಡಿಗೆ ಇಳಿಸಿ ನಿಲ್ಲಿಸಿದೆವು. ಬಸ್ಸಿನವರು ಬೈದುಕೊಂಡು ಹೋದರು. ಹುಡುಗ ಬಹಳ ಹೊತ್ತಿನ ಮೇಲೆ "ದೊಡ್ಡಪ್ಪ, ವಾಪಸು ಹೋಗುವಾ" ಎಂದಷ್ಟೇ ಹೇಳಿದ. ಸಸಿ ಆ ವರ್ಷ ಬರಲಿಲ್ಲ.

ತಪ್ಪು ಆ ಹುಡುಗನದೊಂದೇ ಎಂದು ಹೇಳಲಾರೆವು. ಸ್ಕ್ರೂ ಬಿಗಿದರೆ ಆಟ ಹೋಗುತ್ತದೆ ಎಂದು ನಾವೂ ನಂಬಿದ್ದೆವು. ಹೀಗೇಕಾಯಿತು ಎಂದು ತಿಳಿಯಬೇಕಾದರೆ ಬಾಕ್ಸಿನ ಒಳಗೇನಿದೆ ಎಂಬುದನ್ನು ಸ್ವಲ್ಪ ನೋಡಬೇಕು.

ಸ್ಟಿಯರಿಂಗ್ ಚಕ್ರದಿಂದ ಕೆಳಗೆ ಒಂದು ಟೊಳ್ಳು ರಾಡು ಇಳಿದು ಬರುತ್ತದೆ. ಅದರ ಸುತ್ತ ನಮಗೆ ಕಾಣುವ ತಗಡಿನ ಕೊಳವೆ. ರಾಡಿನ ಬುಡದಲ್ಲಿ, ಬಾಕ್ಸಿನೊಳಗೆ, ದಪ್ಪ ತಿರುಪು ಕೊರೆದಂಥ ಒಂದು ಉಕ್ಕಿನ ತುಂಡು ಇದೆ. ಇದನ್ನು ಕ್ಯಾಮ್ ಎನ್ನುತ್ತಾರೆ. ಎರಡು ತುದಿಗೂ ಬಾಲ್ ಬೇರಿಂಗ್. ಕ್ಯಾಮಿನ ಗಾಡಿಯೊಳಗೆ ಎರಡು ಚೂಪು ಗೂಟಗಳು ಕೂತಿರುತ್ತವೆ. ಗೂಟಗಳಿರುವುದು ಅಡ್ಡ ಶಾಫ್ಟಿನ ಸನ್ನೆಯ ಮೇಲೆ. ಚಕ್ರ ತಿರುಗಿಸಿದರೆ ಗೂಟಗಳು ಗಾಡಿಯಲ್ಲಿ ಸರಿದು ಅಡ್ಡ ಶಾಫ್ಟನ್ನು ಹೊರಳಿಸುತ್ತವೆ. ಅದರ ಹೊರತುದಿಯ ಡ್ರಾಪ್ ಆರ್ಮು ಹಿಂದೆ ಮುಂದೆ ಆಡಿ ಡ್ರ್ಯಾಗ್ ಲಿಂಕನ್ನು ತಳ್ಳುತ್ತದೆ. ಪಕ್ಕದ ಸ್ಕ್ರೂ ಮಾಡುವ ಕೆಲಸ ಗೂಟಗಳನ್ನು ಗಾಡಿಯೊಳಗೆ ಇನ್ನಷ್ಟು ಆಳಕ್ಕೆ ಒತ್ತುವುದು, ಅಷ್ಟೇ.

ಜೀಪು ಬಹುಪಾಲು ನೇರ ಓಡುವುದರಿಂದ ಗಾಡಿ ಸವೆಯುವುದು ನಡುಭಾಗದಲ್ಲಿ. ಎರಡು ತುದಿಗಳು ಹೊಸದರಂತೆಯೇ ಉಳಿದಿರುತ್ತವೆ. ಸವೆದ ನಡುಭಾಗದ ಆಟ ತೆಗೆಯಲು ಸ್ಕ್ರೂ ಬಿಗಿದರೆ, ಸವೆಯದ ತುದಿಗಳಲ್ಲಿ ಗೂಟ ಕಚ್ಚಿಕೊಳ್ಳುತ್ತದೆ. ಪೇಟೆಯ ಬೀದಿಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಅಲ್ಲಿ ಪೂರ್ತಿ ತಿರುಗಿಸುವ ಪ್ರಸಂಗ ಕಡಿಮೆ. ಘಾಟಿಯಲ್ಲಿ ಪ್ರತಿ ತಿರುವಿಗೂ ಗೊತ್ತಾಗುತ್ತದೆ.

ಹಾಗಾದರೆ ಏನು ಮಾಡುವುದು? ಪುನರ್ವಸು ಮಳೆ ಹಿಡಿದು ತೋಟದ ಕೆಲಸ ನಿಂತ ಮೇಲೆ ಕೊಟ್ಟಿಗೆಯ ಮಾಡಿನ ಕೆಳಗೆ ಜೀಪು ನಿಲ್ಲಿಸಿ ನಾವೂ ಹುಡುಗನೂ ಕೆಲಸಕ್ಕೆ ಕೂತೆವು. ಮೊದಲ ದಿನ ಒಂದು ಬೋಲ್ಟನ್ನೂ ಬಿಚ್ಚಲಿಲ್ಲ. ಆಟ ಎಲ್ಲಿದೆ ಎಂದು ಹುಡುಕಿದ್ದಷ್ಟೇ. ಗಾಲಿ ನೇರ ಇಟ್ಟು ಒಬ್ಬರು ಚಕ್ರವನ್ನು ಮೆಲ್ಲಗೆ ಆಚೀಚೆ ಆಡಿಸಬೇಕು. ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದೇ ಗಿಣ್ಣಿಗೆ ಕೈಯಿಟ್ಟು ನೋಡಬೇಕು. ಡ್ರಾಪ್ ಆರ್ಮು ಆಡಿದ ಮೇಲೂ ಡ್ರ್ಯಾಗ್ ಲಿಂಕು ಆಡಲು ತಡಮಾಡಿದರೆ ಅಲ್ಲಿನ ಬಾಲು ಸವೆದಿದೆ ಎಂದರ್ಥ. ಮುಂದಿನ ಅಡ್ಡಪಟ್ಟಿಯ ಮೇಲೆ ಬೆಲ್ ಕ್ರ್ಯಾಂಕ್ ಎಂಬ ಮೂಲೆಯಾಕಾರದ ತುಂಡು ಇದೆ. ಅದರ ನಡುವಿನ ಪಿನ್ನು ಮತ್ತು ಸೂಜಿ ಬೇರಿಂಗ್‌ಗೆ ಗ್ರೀಸ್ ಹೊಡೆಯುವುದನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ಜೀಪಿನಲ್ಲಿ ಗೇಣು ಆಟದಲ್ಲಿ ಅರ್ಧದಷ್ಟು ಇದ್ದದ್ದು ಇಲ್ಲೇ! ಬಾಕ್ಸಿನ ಸ್ಕ್ರೂವನ್ನು ಎಷ್ಟು ಬಿಗಿದರೂ ಇದು ಹೋಗುವ ಮಾತಲ್ಲ. ಬೆಲ್ ಕ್ರ್ಯಾಂಕಿನ ಪಿನ್ನು, ಬೇರಿಂಗು, ಟೈ ರಾಡಿನ ತುದಿಗಳು ಇವೆಲ್ಲ ಅಂಗಡಿಯಲ್ಲಿ ಸಿಗುತ್ತವೆ. ಸ್ಪ್ಯಾನರು ಹಿಡಿಯಬಲ್ಲವರು ಮನೆಯಲ್ಲೇ ಬದಲಿಸಬಹುದು. ಹಳೇ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವ ಉಳಿತಾಯ ಮಾತ್ರ ಬೇಡ.

ಎರಡನೆಯ ದಿನ ಮೇಲಿನಿಂದ ಬಿಚ್ಚತೊಡಗಿದೆವು. ಬ್ಯಾಟರಿ ತಂತಿ ಕಳಚಿ, ಹಾರ್ನಿನ ಗುಂಡಿ ತೆಗೆದು, ಚಕ್ರದ ನಟ್ಟು ಸಡಿಲಿಸಿ, ಚಕ್ರಕ್ಕೂ ರಾಡಿಗೂ ಸೇರಿದಂತೆ ಒಂದು ಗೆರೆ ಗೀರಿಕೊಂಡೆವು. ಮತ್ತೆ ಅದೇ ಹಲ್ಲಿಗೆ ಕೂರಿಸಲು ಈ ಗುರುತು ಬೇಕು. ಚಕ್ರ ಸುಲಭಕ್ಕೆ ಬರುವುದಿಲ್ಲ. ಕೆಳಗಿನಿಂದ ಸುತ್ತಿಗೆಯಿಂದ ಬಡಿಯುವ ಆಸೆ ಎಲ್ಲರಿಗೂ ಆಗುತ್ತದೆ, ನಮಗೂ ಆಯಿತು. ಬಡಿದರೆ ಆ ಪೆಟ್ಟು ರಾಡಿನ ಮೂಲಕ ಬಾಕ್ಸಿನ ಬಾಲ್ ಬೇರಿಂಗಿಗೆ ಮುಟ್ಟುತ್ತದೆ, ಮೇಲಿನ ಮರೆಯೂ ಹಾಳಾಗುತ್ತದೆ. ಪುಲ್ಲರ್ ಹಾಕಿ ಬಿಗಿದು, ಒಂದು ರಾತ್ರಿ ಹಾಗೆಯೇ ಬಿಟ್ಟೆವು. ಬೆಳಿಗ್ಗೆ ಸ್ವಲ್ಪ ಬಿಗಿಯುತ್ತಲೇ ಟಕ್ಕೆಂದು ಬಂತು.

ಕೊಳವೆಯ ಮೇಲ್ತುದಿಯಲ್ಲಿ ಒಂದು ಸಣ್ಣ ಬೇರಿಂಗು, ಒಂದು ಸ್ಪ್ರಿಂಗು ಇವೆ. ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡಿಸಿದಾಗ ಗಡಗಡ ಎನ್ನುತ್ತಿದ್ದರೆ ದೋಷ ಇಲ್ಲಿಯದು. ಕೊಳವೆಯ ಬುಡ, ಅಂದರೆ ಅದು ನೆಲದ ತಗಡನ್ನು ದಾಟುವ ಜಾಗ, ಕೆಸರು ನೀರು ಕುಡಿದು ತುಕ್ಕು ಹಿಡಿದಿತ್ತು. ತಂತಿ ಬ್ರಶ್ಶಿನಿಂದ ತಿಕ್ಕಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಕೊಟ್ಟೆವು. ರಾಡಿನ ಟೊಳ್ಳಿನಲ್ಲಿ ಇಳಿಯುವ ಹಾರ್ನಿನ ತಂತಿಯ ಹೊದಿಕೆ ಪುಡಿಪುಡಿಯಾಗಿತ್ತು. ಬಲಕ್ಕೆ ತಿರುಗುವಾಗಲೆಲ್ಲ ನಮ್ಮ ಜೀಪು ತಾನಾಗಿ ಹಾರ್ನ್ ಹೊಡೆಯುತ್ತಿದ್ದುದು ಊರಿಗೆಲ್ಲ ಗೊತ್ತಿದ್ದ ವಿಷಯ. ಕೆಲವರು ಅದನ್ನು ನಮ್ಮ ಗತ್ತು ಎಂದುಕೊಂಡಿದ್ದರಂತೆ. ತಂತಿ ರಾಡಿನ ಕಬ್ಬಿಣಕ್ಕೆ ತಾಗುತ್ತಿತ್ತು, ಬೇರೇನಿಲ್ಲ.

ಚಕ್ರದ ಬಿರುಕು ಮುಚ್ಚುವುದು ಮನೆಯಲ್ಲಿ ಮಾಡಬಹುದಾದ ಚೆಂದದ ಕೆಲಸ. ಒಳಗೆ ಕಬ್ಬಿಣದ ಬಳೆ, ಮೇಲೆ ಗಟ್ಟಿ ಹೊದಿಕೆ. ಬಿಸಿಲಿಗೆ ಹೊದಿಕೆ ಸೀಳುತ್ತದೆ. ಬಿರುಕಿನ ಮೇಲೆಯೇ ಅಂಟು ಮೆತ್ತಿದರೆ ಒಂದೇ ಬೇಸಗೆಯಲ್ಲಿ ಏಳುತ್ತದೆ. ಮೂರು ಮೂಲೆಯ ಅರದಿಂದ ಬಿರುಕನ್ನು ಕಬ್ಬಿಣ ಕಾಣುವ ತನಕ ಅಗಲಿಸಬೇಕು, ತುಕ್ಕು ಕೆರೆಯಬೇಕು, ಪೆಟ್ರೋಲಿನಿಂದ ಒರೆಸಿ ಒಣಗಿಸಬೇಕು. ಆಮೇಲೆ ಎಂ-ಸೀಲ್‌ನಂಥ ಎರಡು ಭಾಗ ಕಲಸುವ ಅಂಟನ್ನು ಒತ್ತಿ ತುಂಬಿ, ಸ್ವಲ್ಪ ಉಬ್ಬಾಗಿಯೇ ಬಿಟ್ಟು, ಗಟ್ಟಿಯಾದ ಮೇಲೆ ಎಮರಿ ಕಾಗದದಿಂದ ಸಮ ಮಾಡಿ ಬಣ್ಣ ಹೊಡೆಯಬೇಕು. ನಮ್ಮ ಮಳೆಗಾಲದ ತಂಪಿಗೆ ಅಂಟು ಬೇಗ ಗಟ್ಟಿಯಾಗುವುದಿಲ್ಲ. ಬಚ್ಚಲೊಲೆಯ ಹಿಂದಿನ ಗೋಡೆಗೆ ಚಕ್ರವನ್ನು ಮೂರು ದಿನ ನೇತುಹಾಕಿದ್ದೆವು. ಮನೆಯವರು "ಇನ್ನು ಬಚ್ಚಲನ್ನೂ ಓಡಿಸ್ತೀರೇನು?" ಎಂದು ಕೇಳಿದ್ದನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾದೀತು. ಹೊದಿಕೆಯಲ್ಲದೆ ಒಳಗಿನ ಕಬ್ಬಿಣವೇ ಸೀಳಿದ್ದರೆ ಆ ಚಕ್ರವನ್ನು ಗೋಡೆಗೇ ಬಿಡಬೇಕು.

ಇಷ್ಟರವರೆಗೆ ಮನೆಯ ಕೆಲಸ. ಇನ್ನು ಬಾಕ್ಸು.

ಬಾಕ್ಸಿನ ಹೊಂದಾಣಿಕೆ ಮಾಡಲು ಒಂದು ಕ್ರಮವಿದೆ. ಮೊದಲು ಡ್ರಾಪ್ ಆರ್ಮಿನಿಂದ ಡ್ರ್ಯಾಗ್ ಲಿಂಕನ್ನು ಕಳಚಬೇಕು. ಗಾಲಿಯ ಭಾರ ಮೇಲಿದ್ದರೆ ಕೈಗೆ ಏನೂ ತಿಳಿಯುವುದಿಲ್ಲ. ಪಕ್ಕದ ಸ್ಕ್ರೂ ಪೂರ್ತಿ ಸಡಿಲಿಸಿ, ಮೇಲಿನ ಮುಚ್ಚಳದ ಕೆಳಗಿರುವ ತೆಳು ಶಿಮ್ಮುಗಳಲ್ಲಿ ಒಂದೊಂದನ್ನೇ ತೆಗೆದು ರಾಡಿನ ಮೇಲೆ ಕೆಳಗಿನ ಆಟ ಹೋಗಿಸಬೇಕು. ಆಟ ಹೋದರೂ ಚಕ್ರ ಎರಡೇ ಬೆರಳಿಗೆ ಹಗುರಾಗಿ ತಿರುಗುತ್ತಿರಬೇಕು. ಆಮೇಲೆ ಚಕ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಸುತ್ತು ಎಂದು ಎಣಿಸಿ, ಸರಿಯಾಗಿ ಅರ್ಧಕ್ಕೆ ತಂದು, ಅಲ್ಲಿ ಸ್ಕ್ರೂ ಬಿಗಿಯಬೇಕು. ನಡುವನ್ನು ದಾಟುವಾಗ ಬೆರಳಿಗೆ ತೀರ ಸಣ್ಣ ಹಿಡಿತ ತಿಳಿದರೆ ಸಾಕು. ನಟ್ಟು ಬಿಗಿದ ಮೇಲೆ ಮತ್ತೊಮ್ಮೆ ತುದಿಯಿಂದ ತುದಿಗೆ ತಿರುಗಿಸಿ ನೋಡಬೇಕು. ಸರಿಯಾದ ಬಾಕ್ಸಿನಲ್ಲಿ ನಡುವೆ ಮಾತ್ರ ಹಿಡಿತ, ತುದಿಗಳಲ್ಲಿ ಸಡಿಲ. ನಡುವೆ ಸರಿಯಿದ್ದು ತುದಿಗಳಲ್ಲಿ ಬಿಗಿಯಾದರೆ ಕ್ಯಾಮ್ ಸವೆದಿದೆ. ಹಾಗಾದಾಗ ಸ್ಕ್ರೂ ಸಡಿಲಿಸಿಟ್ಟು, ಬಾಕ್ಸನ್ನು ಇಳಿಸುವ ಏರ್ಪಾಡು ಮಾಡಬೇಕು. ಈ ಪರೀಕ್ಷೆಗೆ ಬೇಕಾದದ್ದು ಎರಡು ಸ್ಪ್ಯಾನರು, ಒಂದು ಸ್ಕ್ರೂ ಡ್ರೈವರು, ಒಂದು ಗಂಟೆ. ಚಾರ್ಮಾಡಿಗೆ ಹೋಗುವ ಮೊದಲು ಇದನ್ನು ತಿಳಿದಿದ್ದರೆ ಎಂದು ನಾವು ಅನೇಕ ಸಲ ಅಂದುಕೊಂಡದ್ದುಂಟು.

ನಮ್ಮ ಬಾಕ್ಸು ಈ ಪರೀಕ್ಷೆಯಲ್ಲಿ ಸೋತಿತು. ಡ್ರಾಪ್ ಆರ್ಮನ್ನು ಪುಲ್ಲರ್‌ನಿಂದಲೇ ತೆಗೆದು, ಮಡ್‌ಗಾರ್ಡ್ ಬಿಚ್ಚಿ, ರಾಡು ಸಮೇತ ಬಾಕ್ಸನ್ನು ಕೆಳಗಿಳಿಸಿದೆವು. ಒಳಗಿದ್ದದ್ದು ಎಣ್ಣೆಯಲ್ಲ, ಗಟ್ಟಿ ಗ್ರೀಸು. ಸೀಲು ಸೋರುತ್ತದೆಂದು ಯಾರೋ ಯಾವಾಗಲೋ ತುಂಬಿದ್ದಾರೆ. ಗ್ರೀಸಿನೊಳಗೆ ಕ್ಯಾಮ್ ತನಗೆ ಬೇಕಾದಷ್ಟು ದಾರಿ ಕೊರೆದುಕೊಂಡು ಒಣಗಿಯೇ ತಿರುಗುತ್ತದೆ, ಬದಿಗೆ ಸರಿದ ಗ್ರೀಸು ಮತ್ತೆ ಮರಳಿ ಬರುವುದಿಲ್ಲ. ಈ ಬಾಕ್ಸಿಗೆ ಬೇಕಾದದ್ದು ದಪ್ಪ ಗೇರ್ ಎಣ್ಣೆ. ಸೋರಿದರೆ ಸೀಲು, ಬುಷ್ಷು ಬದಲಿಸಬೇಕೇ ಹೊರತು ಗ್ರೀಸು ತುಂಬಬಾರದು. ಡೀಸೆಲ್ಲಿನಲ್ಲಿ ತೊಳೆದು ನೋಡಿದಾಗ ಗಾಡಿಯ ನಡುವೆ ಅಕ್ಕಿಕಾಳು ಕಿತ್ತಂತೆ ಗುಳಿಗಳು. ಉಗುರು ಆಡಿಸಿದರೆ ತಡೆಯುತ್ತಿತ್ತು. ಮೇಲಿನ ಗಟ್ಟಿ ಪದರ ಹೋಗಿ ಒಳಗಿನ ಮೆತ್ತನೆ ಉಕ್ಕು ಕಾಣುತ್ತಿತ್ತು.

ಇಲ್ಲಿಗೆ ನಮ್ಮ ವಿದ್ಯೆ ಮುಗಿಯಿತು. ಅಡ್ಡ ಶಾಫ್ಟಿನ ಬುಷ್ಷುಗಳನ್ನು ಪ್ರೆಸ್ಸಿನಲ್ಲಿ ಕೂರಿಸಿ, ಎರಡಕ್ಕೂ ಒಂದೇ ನೇರಕ್ಕೆ ರೀಮರ್ ಎಳೆಯಬೇಕು. ಕೈಯಿಂದ ಮಾಡಿದರೆ ಶಾಫ್ಟು ಓರೆ ಕೂರುತ್ತದೆ. ಸನ್ನೆಯ ಗೂಟಗಳನ್ನು ಒತ್ತಿ ತೆಗೆದು ಹೊಸದು ಒತ್ತಬೇಕು. ಇದಕ್ಕೆ ಲೇತು, ಪ್ರೆಸ್ಸು, ಪಳಗಿದ ಕೈ ಮೂರೂ ಬೇಕು. ವಿಚಾರಿಸುತ್ತ ಹೋದಾಗ ಒಬ್ಬರು "ಕ್ಯಾಮಿಗೆ ವೆಲ್ಡಿಂಗ್ ತುಂಬಿಸಿ ಉಜ್ಜಿ ಕೊಡ್ತೇನೆ ಗೌಡ್ರೇ, ಹೊಸದರ ಹಾಗೆ ಆಗ್ತದೆ" ಎಂದರು. ನಮಸ್ಕಾರ ಹೇಳಿ ಬಂದೆವು. ಸ್ಟಿಯರಿಂಗಿನ ಯಾವ ಭಾಗಕ್ಕೂ, ರಾಡಿರಲಿ, ಡ್ರಾಪ್ ಆರ್ಮಿರಲಿ, ಡ್ರ್ಯಾಗ್ ಲಿಂಕಿರಲಿ, ವೆಲ್ಡಿಂಗ್ ಮುಟ್ಟಿಸಬಾರದು. ಆ ಉಕ್ಕಿಗೆ ಕಾರ್ಖಾನೆಯಲ್ಲಿ ಕಾಯಿಸಿ ಕೊಟ್ಟ ಹದವಿರುತ್ತದೆ. ವೆಲ್ಡಿಂಗ್ ಬೆಂಕಿ ಆ ಹದವನ್ನು ಕೆಡಿಸುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಮುರಿಯುವ ದಿನ ಮಾತ್ರ ಮುರಿಯುತ್ತದೆ. ಕಾಯಿಸಿ ಬಗ್ಗಿದ್ದನ್ನು ನೆಟ್ಟಗೆ ಮಾಡುವುದೂ ಅದೇ ಜಾತಿಯ ಅಪಾಯ.

ಕೊನೆಗೆ ಸಿಕ್ಕ ಮೇಸ್ತ್ರಿ ವಯಸ್ಸಾದವರು. ಬಾಕ್ಸು ನೋಡಿದರೇ ಹೊರತು ದರ ಹೇಳಲಿಲ್ಲ. "ಕ್ಯಾಮ್ ತನ್ನಿ, ಆಮೇಲೆ ಮಾತಾಡುವ" ಎಂದರು. ಕ್ಯಾಮ್ ಮತ್ತು ರಾಡು ಒಂದೇ ಜೋಡಣೆಯಾದ್ದರಿಂದ ಪೂರ್ತಿ ತುಂಡೇ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಎರಡು ದಿನ ಅಲೆದು, ಉಗುರಿಗೆ ತಡೆಯದ ಒಂದನ್ನು ಹುಡುಕಿ ತಂದೆವು. ರಾಡು ನೇರವಿದೆಯೇ ಎಂದು ಅಂಗಡಿಯ ಗಾಜಿನ ಮೇಲೆ ಉರುಳಿಸಿ ನೋಡಿದ್ದೆವು. ಹಳೇ ಸಾಮಾನು ಕೊಳ್ಳುವವರು ಈ ಎರಡು ಪರೀಕ್ಷೆ ಮಾಡದೆ ಕಾಸು ಬಿಚ್ಚಬೇಡಿ. ಮೇಸ್ತ್ರಿ ಬುಷ್ಷು, ಗೂಟ, ಬೇರಿಂಗು, ಸೀಲು ಹಾಕಿ ವಾರದ ಮೇಲೆ ಕರೆದರು. ಬಾಕ್ಸನ್ನು ವೈಸಿಗೆ ಕಚ್ಚಿಸಿ ನಮ್ಮ ಕೈಯಲ್ಲೇ ತುದಿಯಿಂದ ತುದಿಗೆ ತಿರುಗಿಸಲು ಹೇಳಿದರು. ತೆಗೆದ ಹಳೇ ಭಾಗಗಳನ್ನು ಕೇಳುವ ಮೊದಲೇ ಕಾಗದದಲ್ಲಿ ಕಟ್ಟಿ ಕೊಟ್ಟರು. ಒಳ್ಳೆ ಮೇಸ್ತ್ರಿಯ ಗುರುತು ಇದಕ್ಕಿಂತ ಬೇರೆ ಬೇಕಿಲ್ಲ. ಖರ್ಚು ಒಟ್ಟು ಒಂದು ಚೀಲ ಚೆರ್ರಿ ಕಾಫಿಯ ಹಣ.

ಮತ್ತೆ ಕೂರಿಸುವಾಗ ನಮ್ಮಿಂದ ಒಂದು ತಪ್ಪಾಯಿತು. ಡ್ಯಾಶ್‌ಬೋರ್ಡಿನ ಕೆಳಗಿನ ಪಟ್ಟಿಯನ್ನು ಮೊದಲು ಬಿಗಿದು ಆಮೇಲೆ ಚಾಸಿಯ ಬೋಲ್ಟು ಬಿಗಿದೆವು. ಹೊಸ ಬಾಕ್ಸೂ ಬಿಗಿಯಾಯಿತು. ಎದೆ ಧಸಕ್ಕೆಂದಿತು. ಮೇಸ್ತ್ರಿಗೆ ಫೋನು ಮಾಡಿದರೆ ನಕ್ಕು, "ಎರಡೂ ಸಡಿಲ ಮಾಡಿ ರಾಡಿಗೆ ಬೇಕಾದ ಹಾಗೆ ಕೂತುಕೊಳ್ಳಲಿಕ್ಕೆ ಬಿಡಿ; ಮೊದಲು ಚಾಸಿ, ಕೊನೆಗೆ ಪಟ್ಟಿ" ಎಂದರು. ಹಾಗೆ ಮಾಡಿದೆವು, ಸರಿಹೋಯಿತು. ರಾಡು ಬಿಲ್ಲಿನಂತೆ ಬಾಗಿ ನಿಂತರೆ ಎಂಥ ಬಾಕ್ಸಾದರೂ ಬಿಗಿಯುತ್ತದೆ.

ಅಂಬಾಸಡರ್ ಇಟ್ಟುಕೊಂಡ ಸದಸ್ಯರೂ ಇದ್ದಾರೆ, ಅವರಿಗಾಗಿ ಒಂದು ಮಾತು. 2014ರಲ್ಲಿ ತಯಾರಿಕೆ ನಿಂತ ಆ ಕಾರಿನಲ್ಲಿ ಇಂಥ ಬಾಕ್ಸಿಲ್ಲ. ಹಲ್ಲಿನ ಸರಳು ಮತ್ತು ಸಣ್ಣ ಚಕ್ರದ ರ‍್ಯಾಕ್ ಏರ್ಪಾಡು. ಅದರ ಎರಡು ತುದಿಯ ರಬ್ಬರ್ ಚೀಲ ಹರಿದು ಕೆಸರು ಒಳಹೊಕ್ಕರೆ ಸವೆತ ಶುರು. ಚೀಲ ಬದಲಿಸುವುದು ಮನೆಯಲ್ಲಿ ಆಗುತ್ತದೆ, ರ‍್ಯಾಕ್ ಬಿಚ್ಚುವುದನ್ನು ಗೊತ್ತಿದ್ದವರಿಗೇ ಬಿಡಿ. ಹೊಸ ಕಾರುಗಳ ಸ್ಟಿಯರಿಂಗ್ ರಾಡಿನ ಕಥೆಯೇ ಬೇರೆ. ಅಪಘಾತದಲ್ಲಿ ಎದೆಗೆ ಚುಚ್ಚದೆ ತಾನೇ ಕುಸಿಯುವಂತೆ ಅದನ್ನು ಮಾಡಿರುತ್ತಾರೆ. ಅಮೆರಿಕದಲ್ಲಿ 1968ರಿಂದ ಕಾರುಗಳಿಗೆ ಇದು ಕಾನೂನಾಯಿತು. ಅಂಥ ರಾಡಿಗೆ ಸುತ್ತಿಗೆಯ ಒಂದು ಪೆಟ್ಟೂ ಬೀಳಬಾರದು, ಏರ್‌ಬ್ಯಾಗಿನ ಚಕ್ರವನ್ನಂತೂ ಮನೆಯಲ್ಲಿ ಬಿಚ್ಚಲೇಬಾರದು. ನಮ್ಮ ಜೀಪಿನದು ಕುಸಿಯದ ನೇರ ಕಬ್ಬಿಣ. ಎಷ್ಟು ಚೆಂದ ಬಣ್ಣ ಹೊಡೆದರೂ ಅದು ಬದಲಾಗದು, ಅದಕ್ಕೆ ತಕ್ಕ ವೇಗದಲ್ಲೇ ಓಡಿಸುತ್ತೇವೆ.

ಕಾಗದಪತ್ರದ ವಿಷಯವನ್ನೂ ಕೆಲವರು ಕೇಳುತ್ತಿದ್ದಾರೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ವಾಹನ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2021ರ ಕೇಂದ್ರ ನಿಯಮದಲ್ಲಿ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನಗಳಿಗೆ ವಿಂಟೇಜ್ ನೋಂದಣಿ ಬಂದಿದೆ. ನಿಯಮದಲ್ಲಿ ಇಟ್ಟ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಹೆಸರು ಕೇಳಿ ಆಸೆಪಡಬೇಡಿ. ಆ ನೋಂದಣಿಯ ವಾಹನವನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ಗೊಬ್ಬರ ತರಲು, ಮಂಡಿಗೆ ಹೋಗಲು ಅದು ಒದಗುವುದಿಲ್ಲ. ದುಡಿಯುವ ಜೀಪಿಗೆ ಸಾಮಾನ್ಯ ನೋಂದಣಿಯೇ ಸರಿ.

ಮುಂದಿನ ವರ್ಷ ವಿಟ್ಲದಿಂದ ಸಸಿ ತಂದೆವು. ಘಾಟಿಯಲ್ಲಿ ಅದೇ ತಿರುವಿನಲ್ಲಿ ಹುಡುಗ ಸುಮ್ಮನೆ ನಮ್ಮ ಕೈಗಳನ್ನೇ ನೋಡುತ್ತಿದ್ದ. ಚಕ್ರ ಬೆರಳ ನಡುವೆ ಜಾರಿ ನೇರಕ್ಕೆ ಬಂತು.

ಚಕ್ರ ಮತ್ತು ಡ್ರಾಪ್ ಆರ್ಮು ತೆಗೆಯುವ ಎರಡು ಪುಲ್ಲರ್‌ಗಳು ನಮ್ಮಲ್ಲಿವೆ. ಬೇಕಾದ ಸದಸ್ಯರು ಸಂಘದ ಕಚೇರಿಯಲ್ಲಿ ಚೀಟಿ ಬರೆದಿಟ್ಟರೆ ಕಳಿಸಿಕೊಡುತ್ತೇವೆ. ಹಿಂದಿರುಗಿಸುವಾಗ ಕೆಸರು ತೊಳೆದು, ಮರೆಗೆ ಎರಡು ಹನಿ ಎಣ್ಣೆ ಬಿಟ್ಟು ಕೊಡಿ.